ಬೆಳ್ಳಿಯ ಉಗುರು, ಅತ್ತೆಯ ಕೈ

ಬೆಕ್ಕಿನ ಉಗುರು ತೆಗೆಸಬೇಕಾ, ಬೇಡ್ವಾ ಅನ್ನುವ ಮಾತು ನಮ್ಮ ಮನೆಯಲ್ಲಿ ಎದ್ದಿದ್ದು ಸೋಫಾ ಹರಿದದ್ದಕ್ಕಲ್ಲ. ಸೋಫಾದ ತೋಳು ಹರಿದಿತ್ತು ನಿಜ, ಅದನ್ನು ಸಹಿಸಿಕೊಂಡಿದ್ದೆವು. ಮಾತು ಎದ್ದಿದ್ದು ಅತ್ತೆಯ ಕೈ ನೋಡಿ. ಅತ್ತೆಗೆ ಹೃದಯದ ತೊಂದರೆ ಇದೆ. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಮಾತ್ರೆ ನುಂಗುತ್ತಾರೆ. ವಯಸ್ಸಿನಿಂದ ಚರ್ಮವೂ ತೆಳುವಾಗಿದೆ. ನಮಗೆ ನಮ್ಮ ಬೆಕ್ಕು ಬೆಳ್ಳಿ ಪರಚಿದರೆ ಒಂದು ಕೆಂಪು ಗೆರೆ, ಸಂಜೆಗೆ ಮರೆತೇ ಹೋಗಿರುತ್ತದೆ. ಅವರಿಗೆ ಹಾಗಲ್ಲ. ಚರ್ಮ ಸುಲಿದು ಬರುತ್ತದೆ, ರಕ್ತ ಬೇಗ ನಿಲ್ಲುವುದಿಲ್ಲ, ಸುತ್ತ ನೀಲಿ ಕಲೆ ಹರಡುತ್ತದೆ.

ಬೆಳ್ಳಿ ಅತ್ತೆಯದೇ ಬೆಕ್ಕು. ಊಟ ಹಾಕುವುದು ನಾನು, ಅದರ ಮಲಮೂತ್ರದ ಲಿಟರ್ ಬಾಕ್ಸ್ ತೊಳೆಯುವುದು ನಮ್ಮ ಮನೆಯವರು, ಆದರೆ ಅದು ಮಲಗುವುದು ಅತ್ತೆಯ ಮಡಿಲಲ್ಲಿ. ಮಾವ ಹೋದ ಮೇಲೆ ಅತ್ತೆ ಮತ್ತೆ ಮಾತಾಡಲು ಶುರು ಮಾಡಿದ್ದೇ ಆ ಬೆಕ್ಕಿನ ಜೊತೆ. ಹಾಗಾಗಿ ಬೆಕ್ಕನ್ನು ಬೇರೆಯವರಿಗೆ ಕೊಡುವ ಯೋಚನೆ ನಮಗೆ ಯಾರಿಗೂ ಬರಲಿಲ್ಲ.

ಒಂದು ದಿನ ಗಾಯ ಸ್ವಲ್ಪ ಜೋರಾಗಿಯೇ ಆಯಿತು. ಮುಂಗೈ ಮೇಲೆ ಉದ್ದಕ್ಕೆ ಚರ್ಮ ಕಿತ್ತು ಬಂದಿತ್ತು. ವಿಡಿಯೋ ಕಾಲ್‌ನಲ್ಲಿ ಬ್ಯಾಂಡೇಜ್ ನೋಡಿದ ನಾದಿನಿ ಗಾಬರಿಯಾದಳು. ಅವಳಿರುವುದು ಹೊರದೇಶದಲ್ಲಿ. "ಅತ್ತಿಗೆ, ಇಲ್ಲಿ ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಡಿಕ್ಲಾ ಮಾಡಿಸಿದ್ದಾರೆ. ಒಂದೇ ಸಲದ ಆಪರೇಷನ್. ಉಗುರೇ ಇಲ್ಲ ಅಂದ್ಮೇಲೆ ಅಮ್ಮನಿಗೆ ಭಯವಿಲ್ಲ. ಯಾಕೆ ಯೋಚನೆ ಮಾಡ್ತೀರ?" ಅಂದಳು. ಅವಳ ಮಾತಿನಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ತಾಯಿಯ ಕೈಯಲ್ಲಿ ರಕ್ತ ನೋಡಿದ ಮಗಳು ಇನ್ನೇನು ಹೇಳುತ್ತಾಳೆ? ಇವರು ಕೂಡ, "ಅನಸ್ತೇಶಿಯಾ ಕೊಟ್ಟು ಮಾಡ್ತಾರಂತೆ, ನೋವಿರಲ್ಲ ಅಲ್ವಾ" ಅಂದರು. ನಾನು, ಮೊದಲು ಅದೇನು ಅಂತ ಸರಿಯಾಗಿ ತಿಳ್ಕೊಳ್ಳೋಣ, ಆಮೇಲೆ ನಿರ್ಧಾರ ಮಾಡೋಣ ಅಂದೆ.

ತಿಳಿದುಕೊಳ್ಳಲು ಕೂತಾಗ ಮೊದಲು ಎದುರಾಗಿದ್ದು ಬೆಕ್ಕಿನ ಪಾದದ ಚಿತ್ರ. ನಮ್ಮ ಉಗುರು ಬೆರಳಿನ ಮೇಲೆ, ಚರ್ಮದಲ್ಲಿ ಕೂತಿರುತ್ತದೆ. ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಗೇ ಅಂಟಿಕೊಂಡು ಬೆಳೆಯುತ್ತದೆ. ಉಗುರು ಹುಟ್ಟುವ ಜಾಗವೇ ಆ ಮೂಳೆ. ಹಾಗಾಗಿ ಉಗುರು ಮತ್ತೆ ಬರಬಾರದು ಅಂದರೆ ಮೂಳೆಯನ್ನೇ ತೆಗೆಯಬೇಕು. ಡಿಕ್ಲಾ ಅಂದರೆ ಪ್ರತಿ ಬೆರಳಿನ ಕೊನೆಯ ಗೆಣ್ಣಿಗೆ ಕತ್ತರಿಸಿ, ಆ ತುದಿ ಮೂಳೆಯನ್ನು ಉಗುರಿನ ಸಮೇತ ಹೊರಗೆ ತೆಗೆಯುವುದು. ಜೊತೆಗೆ ಅಲ್ಲಿಗೆ ಬರುವ ನರ, ಸ್ನಾಯುವಿನ ಹಗ್ಗ, ಗೆಣ್ಣನ್ನು ಹಿಡಿದಿಡುವ ಕಟ್ಟು ಎಲ್ಲವೂ ಕತ್ತರಿಸಿ ಹೋಗುತ್ತವೆ. ಮನುಷ್ಯರ ಲೆಕ್ಕದಲ್ಲಿ ಹೇಳುವುದಾದರೆ ಪ್ರತಿ ಬೆರಳನ್ನೂ ಉಗುರಿನ ಹಿಂದಿನ ಗೆಣ್ಣಿನಿಂದ ತೆಗೆದ ಹಾಗೆ. ಬೆಕ್ಕಿಗೆ ಮುಂಗಾಲಿನಲ್ಲಿ ಐದೈದು, ಹಿಂಗಾಲಿನಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರು. ಸಾಮಾನ್ಯವಾಗಿ ಮುಂಗಾಲುಗಳದ್ದು ಮಾತ್ರ ತೆಗೆಯುತ್ತಾರೆ. ಅಂದರೂ ಹತ್ತು ಮೂಳೆ.

ಅದನ್ನು ಓದಿದ ರಾತ್ರಿ ಬೆಳ್ಳಿಯ ಪಾದ ಹಿಡಿದು ಮೆಲ್ಲಗೆ ಒತ್ತಿ ನೋಡಿದೆ. ಉಗುರು ಹೊರಗೆ ಬಂತು, ಬಿಟ್ಟ ಕೂಡಲೇ ಒಳಗೆ ಹೋಯಿತು. ಆ ಚಲನೆ ನಡೆಯುವುದೇ ಆ ತುದಿ ಮೂಳೆಯಿಂದ. ನನಗೆ ತುಂಬಾ ಸಂಕಟವಾಯಿತು. ಆದರೆ ನನ್ನ ಸಂಕಟದಿಂದ ಅತ್ತೆಯ ಗಾಯ ವಾಸಿಯಾಗುವುದಿಲ್ಲ. ಹಾಗಾಗಿ ಬೆಳ್ಳಿಯನ್ನು ಕರೆದುಕೊಂಡು ಪಶುವೈದ್ಯರ ಹತ್ತಿರ ಹೋದೆವು. ಬ್ಯಾಂಡೇಜ್ ಇದ್ದ ಕೈಯಲ್ಲೇ ಅತ್ತೆಯೂ ಬಂದರು.

ಡಾಕ್ಟರ್ ನಮ್ಮ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಅದು ನನಗೆ ಹಿಡಿಸಿತು, ಯಾಕೆಂದರೆ ಈ ಪ್ರಶ್ನೆ ಕೇಳಿದ ಕೂಡಲೇ "ನೀವು ಬೆಕ್ಕು ಸಾಕಲು ಲಾಯಕ್ಕಿಲ್ಲ" ಅನ್ನುವವರೂ ಇದ್ದಾರೆ. ಅವರು ಹೇಳಿದ್ದು ಇಷ್ಟು: "ಅಮ್ಮ, ಇದು ನಾನು ಮಾಡುವ ಆಪರೇಷನ್ ಅಲ್ಲ. ಉಗುರಿನ ಬುಡದಲ್ಲಿ ಗೆಡ್ಡೆ ಬಂದರೆ, ವಾಸಿಯಾಗದ ಸೋಂಕು ಆದರೆ ಆ ಒಂದು ಬೆರಳಿನದ್ದು ತೆಗೀತೀವಿ. ಅದು ಬೆಕ್ಕಿಗೋಸ್ಕರ ಮಾಡುವ ಚಿಕಿತ್ಸೆ. ಇದು ಹಾಗಲ್ಲ."

ಇವರು ಲೇಸರ್ ವಿಷಯ ಕೇಳಿದರು. ಲೇಸರ್‌ನಲ್ಲಿ ಮಾಡಿದರೆ ಆಪರೇಷನ್ ಹೊತ್ತಿಗೆ ರಕ್ತ ಕಮ್ಮಿ ಹೋಗಬಹುದು, ಆದರೆ ಕತ್ತರಿಸುವ ಜಾಗ ಅದೇ, ತೆಗೆಯುವ ಮೂಳೆಯೂ ಅದೇ ಅಂತ ಡಾಕ್ಟರ್ ಹೇಳಿದರು. ಮೂಳೆ ಬಿಟ್ಟು ಸ್ನಾಯುವಿನ ಹಗ್ಗ ಮಾತ್ರ ಕತ್ತರಿಸುವ ಇನ್ನೊಂದು ವಿಧಾನವೂ ಇದೆ. ಆಗ ಉಗುರು ಇರುತ್ತದೆ, ಬೆಕ್ಕಿಗೆ ಅದನ್ನು ಹೊರಗೆ ಚಾಚಲು ಆಗುವುದಿಲ್ಲ. ಆದರೆ ಉಗುರು ಬೆಳೆಯುತ್ತಲೇ ಇರುತ್ತದೆ, ದಪ್ಪಗಾಗುತ್ತದೆ. ಕೆರೆದು ಸವೆಸಿಕೊಳ್ಳಲು ಬೆಕ್ಕಿಗೆ ಆಗದ ಕಾರಣ ಜೀವನಪೂರ್ತಿ ನಾವೇ ಕತ್ತರಿಸುತ್ತಿರಬೇಕು. ಹೇಗೂ ನಾವೇ ಕತ್ತರಿಸುವುದಾದರೆ ಆಪರೇಷನ್ ಯಾಕೆ ಅಂತ ನನಗೆ ಅಲ್ಲೇ ಅನ್ನಿಸಿತು.

ನಮ್ಮ ಮನಸ್ಸನ್ನು ನಿಜವಾಗಿ ತಿರುಗಿಸಿದ್ದು ಡಾಕ್ಟರ್ ಆಮೇಲೆ ಹೇಳಿದ ವಿಷಯ. ಬೆಕ್ಕು ಬೆರಳ ತುದಿಯ ಮೇಲೆ ನಡೆಯುವ ಪ್ರಾಣಿ. ತುದಿ ಮೂಳೆ ಹೋದರೆ ಭಾರ ಬೀಳುವ ರೀತಿಯೇ ಬದಲಾಗುತ್ತದೆ. ನೋವು ಗಾಯ ಒಣಗುವ ತನಕ ಮಾತ್ರ ಇರುತ್ತದೆ ಅಂತ ಹೇಳಲಾಗುವುದಿಲ್ಲ. ಕೆಲವು ಬೆಕ್ಕುಗಳಿಗೆ ವರ್ಷಗಟ್ಟಲೆ ಉಳಿಯುತ್ತದೆ, ಬೆನ್ನಿಗೂ ಬರುತ್ತದೆ. ಬೆಕ್ಕು ನೋವನ್ನು ಬಚ್ಚಿಡುವುದರಲ್ಲಿ ಗಟ್ಟಿ, ಹಾಗಾಗಿ ನಮಗೆ ಕಾಣುವುದಿಲ್ಲ. ಲಿಟರ್ ಬಾಕ್ಸ್‌ನ ಹರಳು ಎಳೆ ಗಾಯಕ್ಕೆ ಚುಚ್ಚಿದರೆ ಬೆಕ್ಕು ಆ ಬಾಕ್ಸನ್ನೇ ಬಿಟ್ಟು ಹಾಸಿಗೆ ಮೇಲೋ ನೆಲದ ಮೇಲೋ ಹೋಗುವುದುಂಟು. ಮತ್ತೊಂದು ವಿಷಯ, ಉಗುರು ಇಲ್ಲದ ಬೆಕ್ಕಿಗೆ ತನ್ನನ್ನು ಕಾಪಾಡಿಕೊಳ್ಳಲು ಮುಖ್ಯವಾಗಿ ಉಳಿಯುವುದು ಹಲ್ಲು.

"ಪರಚಿದ ಗಾಯ ಮೇಲುಮೇಲೆ ಇರುತ್ತೆ. ಕಚ್ಚಿದರೆ ಹಲ್ಲು ಸೂಜಿಯಷ್ಟು ಆಳಕ್ಕೆ ಇಳಿಯುತ್ತೆ, ಮೇಲೆ ಸಣ್ಣ ತೂತು ಕಾಣುತ್ತೆ, ಒಳಗೆ ಸೋಂಕು ಕೂತಿರುತ್ತೆ," ಅಂದರು. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಅದು ಕಚ್ಚಿದ ಗಾಯದೊಳಗೆ ಸೇರಿದರೆ ಕೈ ಊದಿಕೊಳ್ಳಲು ಒಂದು ದಿನವೂ ಬೇಕಾಗುವುದಿಲ್ಲ. ಅತ್ತೆಯಂಥವರಿಗೆ ಗೀರಿಗಿಂತ ಕಡಿತವೇ ಜಾಸ್ತಿ ಅಪಾಯ. ನಾವು ಅವರನ್ನು ಕಾಪಾಡಲು ಹೊರಟಿದ್ದೆವು. ಕಾಪಾಡುವ ಬದಲು ಅವರ ಮಡಿಲಲ್ಲಿ ನೋವು ತಿನ್ನುವ, ಕಚ್ಚುವ ಸಾಧ್ಯತೆ ಜಾಸ್ತಿ ಇರುವ ಬೆಕ್ಕನ್ನು ತಂದು ಕೂರಿಸಿದಂತಾಗುತ್ತಿತ್ತು.

ಇದು ಒಬ್ಬ ಡಾಕ್ಟರ ಅಭಿಪ್ರಾಯ ಮಾತ್ರವಾ ಅಂತ ನಾನು ಮತ್ತೆ ಓದಿದೆ. ಬೆಕ್ಕುಗಳ ವೈದ್ಯಕೀಯಕ್ಕೇ ಮೀಸಲಾದ ಪತ್ರಿಕೆಯೊಂದರಲ್ಲಿ 2017ರಲ್ಲಿ ಬಂದ ಅಧ್ಯಯನ ಸಿಕ್ಕಿತು. 274 ಬೆಕ್ಕುಗಳನ್ನು ನೋಡಿದ್ದರು, ಅರ್ಧದಷ್ಟು ಉಗುರು ತೆಗೆಸಿದವು, ಇನ್ನರ್ಧ ತೆಗೆಸದವು. ತೆಗೆಸಿದ ಬೆಕ್ಕುಗಳಲ್ಲಿ ಬೆನ್ನು ನೋವು, ಬಾಕ್ಸ್ ಬಿಟ್ಟು ಬೇರೆ ಕಡೆ ಗಲೀಜು ಮಾಡುವುದು, ಕಚ್ಚುವುದು ಹೆಚ್ಚಾಗಿ ಕಂಡಿತ್ತು. ಎಕ್ಸ್‌ರೇ ತೆಗೆದಾಗ ಉಗುರು ತೆಗೆಸಿದ ಬೆಕ್ಕುಗಳಲ್ಲಿ ಶೇಕಡ 63ರಷ್ಟಕ್ಕೆ ಮೂಳೆಯ ಚೂರು ಒಳಗೇ ಉಳಿದಿತ್ತು. ಚೂರು ಉಳಿದರೆ ಅಲ್ಲಿಂದ ಉಗುರು ಸೊಟ್ಟಗೆ, ಚರ್ಮದ ಒಳಗೇ ಬೆಳೆಯಬಹುದು. ಸರಿಯಾಗಿ ಮಾಡುವ ಡಾಕ್ಟರ್ ಸಿಕ್ಕರೆ ತೊಂದರೆ ಇಲ್ಲ ಅನ್ನುವ ಮಾತಿಗೂ ಅದರಲ್ಲಿ ಉತ್ತರ ಇತ್ತು. ಮೂಳೆ ಪೂರ್ತಿ ತೆಗೆದ ಬೆಕ್ಕುಗಳಲ್ಲಿ ತೊಂದರೆ ಕಮ್ಮಿ ಇದ್ದರೂ, ಕಚ್ಚುವುದು, ಬಾಕ್ಸ್ ಬಿಟ್ಟು ಗಲೀಜು ಮಾಡುವುದು ಉಗುರಿರುವ ಬೆಕ್ಕುಗಳಿಗಿಂತ ಹೆಚ್ಚೇ ಇತ್ತು.

ಓದಿದ್ದು ಒಂದು ಕಡೆ, ಕಣ್ಣಾರೆ ನೋಡಿದ್ದು ಇನ್ನೊಂದು ಕಡೆ. ನನ್ನ ಸ್ನೇಹಿತೆಯ ಮನೆಯಲ್ಲಿ ಒಂದು ವಯಸ್ಸಾದ ಬೆಕ್ಕಿದೆ. ಹಿಂದಿನ ಮನೆಯವರು ಅದರ ಉಗುರು ತೆಗೆಸಿದ್ದರು, ಆಮೇಲೆ ಸಾಕಲು ಆಗದೆ ಇವಳಿಗೆ ಕೊಟ್ಟರು. ನಾನು ಎಷ್ಟೋ ಸಲ ಅದನ್ನು ಎತ್ತಿಕೊಂಡಿದ್ದೇನೆ. ಈ ಸಲ ಅದು ನಡೆಯುವುದನ್ನೇ ನೋಡುತ್ತಾ ಕೂತೆ. ಮುಂಗಾಲನ್ನು ಹಗುರವಾಗಿ ಇಡುತ್ತದೆ, ಭಾರವನ್ನು ಹಿಂದಕ್ಕೆ ಹಾಕುತ್ತದೆ. ಮಂಚದಿಂದ ಇಳಿಯುವ ಮೊದಲು ತುಂಬಾ ಹೊತ್ತು ಯೋಚಿಸುತ್ತದೆ. ಪಾದ ಮುಟ್ಟಿದರೆ ಸಾಕು, ಬಾಯಿ ಹಾಕುತ್ತದೆ. ಸ್ನೇಹಿತೆ ಬಾಕ್ಸ್‌ಗೆ ಹರಳಿನ ಬದಲು ಕಾಗದದ ಮೆತ್ತನೆ ಲಿಟರ್ ಹಾಕುತ್ತಾಳೆ, ಕೆಳಗಿಳಿಯಲು ಮೆಟ್ಟಿಲು ಇಟ್ಟಿದ್ದಾಳೆ, ನೋವಿನ ಔಷಧಿ ಕೊಡುತ್ತಾಳೆ. ಅವಳು ಅದನ್ನು ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಆದರೆ ಹೋದ ಮೂಳೆಯನ್ನು ತಂದು ಜೋಡಿಸಲು ಯಾರಿಗೂ ಆಗುವುದಿಲ್ಲ. ಉಗುರು ಕತ್ತರಿಸುವುದು, ಕಂಬ ಇಡುವುದು ಇವೆಲ್ಲ ಸರಿಹೋಗದಿದ್ದರೆ ಬದಲಾಯಿಸಬಹುದು. ಇದನ್ನು ಮಾತ್ರ ಬದಲಾಯಿಸಲು ಆಗಲ್ಲ. ನಾನು ಆ ಮನೆಯಿಂದ ಹೊರಡುವಾಗಲೇ ತೀರ್ಮಾನಕ್ಕೆ ಬಂದಿದ್ದೆ.

ಅತ್ತೆಯ ಡಾಕ್ಟರನ್ನೂ ಕೇಳಬೇಕಿತ್ತು. ಈ ವಿಷಯದಲ್ಲಿ ಅವರ ಮಾತೂ ಅಷ್ಟೇ ಮುಖ್ಯ. ಬೆಕ್ಕನ್ನು ಮನೆಯಿಂದ ಕಳಿಸಿ ಅಂತ ಅವರು ಹೇಳಲಿಲ್ಲ. ಗಾಯವಾದರೆ ಸೋಪು ನೀರಿನಲ್ಲಿ ತೊಳೆಯಿರಿ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಮಧ್ಯೆ ಮಧ್ಯೆ ತೆಗೆದು ನೋಡಬೇಡಿ. ರಕ್ತ ನಿಲ್ಲದಿದ್ದರೆ, ಗಾಯ ಕೆಂಪಾಗಿ ಊದಿದರೆ, ಜ್ವರ ಬಂದರೆ, ಕಂಕುಳಲ್ಲಿ ಗಂಟು ಕಂಡರೆ ತಕ್ಷಣ ಬನ್ನಿ ಅಂದರು. ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ ಅಂತ ಎರಡೆರಡು ಸಲ ಹೇಳಿದರು.

ಕಂಕುಳ ಗಂಟಿನ ಮಾತು ಯಾಕೆ ಅಂದರೆ, ಬೆಕ್ಕು ಪರಚಿದಾಗ ಬಾರ್ಟೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದಿಂದ ಒಂದು ಜ್ವರ ಬರಬಹುದು, ಆಗ ಕಂಕುಳಲ್ಲಿ ಗಂಟು ಊದಿಕೊಳ್ಳುವುದುಂಟು. ಅದು ಬೆಕ್ಕಿನಿಂದ ಬೆಕ್ಕಿಗೆ ಹರಡುವುದು ಚಿಗಟದಿಂದ. ಚಿಗಟದ ಹಿಕ್ಕೆ ಉಗುರಿಗೆ ಅಂಟಿ, ಪರಚಿದಾಗ ನಮ್ಮ ಗಾಯಕ್ಕೆ ಸೇರುತ್ತದೆ. ಹಾಗಾಗಿ ಬೆಕ್ಕಿಗೆ ಚಿಗಟ ಆಗದಂತೆ ತಿಂಗಳು ತಿಂಗಳು ಔಷಧಿ ಹಾಕುವುದು ಮನೆಯಲ್ಲಿ ನಿಶ್ಶಕ್ತರಿದ್ದರೆ ಬಹಳ ದೊಡ್ಡ ಕೆಲಸ. ರೋಗ ನಿರೋಧಕ ಶಕ್ತಿ ತೀರಾ ಕುಗ್ಗಿರುವ ಎಚ್‌ಐವಿ ಪೀಡಿತರಿಗಾಗಿ ಅಮೆರಿಕದ ಆರೋಗ್ಯ ಸಂಸ್ಥೆಗಳು ಬರೆದ ಮಾರ್ಗಸೂಚಿಯಲ್ಲಿ ಕೂಡ ಬೆಕ್ಕಿನ ಉಗುರು ತೆಗೆಸುವುದನ್ನು ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ ಅಂತಲೇ ಇದೆ. ಒರಟಾಟ ಬೇಡ, ಚಿಗಟ ಇರದಂತೆ ನೋಡಿಕೊಳ್ಳಿ, ಗಾಯ ತೊಳೆಯಿರಿ ಅನ್ನುವುದೇ ಅಲ್ಲಿರುವ ಸಲಹೆ. ಇದನ್ನು ನಾದಿನಿಗೆ ಹಾಗೇ ಕಳಿಸಿದೆ. ಅವಳ ಭಯ ಸ್ವಲ್ಪ ಇಳಿದಿದ್ದು ಅದನ್ನು ಓದಿದ ಮೇಲೆ.

ಆದರೂ ಅವಳು ಒಂದು ಮಾತು ಕೇಳಿದಳು. "ಉಗುರು ತೆಗೆಸದೇ ಇದ್ದರೆ ಎಷ್ಟೋ ಜನ ಬೆಕ್ಕನ್ನೇ ಬೀದಿಗೆ ಬಿಡ್ತಾರೆ ಅತ್ತಿಗೆ. ಅದಕ್ಕಿಂತ ಇದು ವಾಸಿ ಅಲ್ವಾ?" ಈ ವಾದ ಬಹಳ ಕಡೆ ಇದೆ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2018ರಲ್ಲಿ ಈ ಆಪರೇಷನ್ ನಿಷೇಧವಾದ ಮೇಲೆ ಅಲ್ಲಿನ ಪ್ರಾಣಿ ಆಶ್ರಯಗಳ ಲೆಕ್ಕ ನೋಡಿದವರಿಗೆ, ನಿಷೇಧದಿಂದಾಗಿ ಬೆಕ್ಕು ತಂದು ಬಿಡುವವರು ಹೆಚ್ಚಾದದ್ದು ಕಾಣಲಿಲ್ಲ. ಬ್ರಿಟನ್ನಿನಲ್ಲಿ, ಯುರೋಪಿನ ಬಹಳಷ್ಟು ದೇಶಗಳಲ್ಲಿ ಈ ಆಪರೇಷನ್‌ಗೆ ಅವಕಾಶವೇ ಇಲ್ಲ, ಅಲ್ಲೂ ಜನ ಸೋಫಾ ಇಟ್ಟುಕೊಂಡೇ ಬೆಕ್ಕು ಸಾಕುತ್ತಿದ್ದಾರೆ. ಇಸ್ರೇಲ್‌ನಲ್ಲಿ 2011ರಲ್ಲಿ ನಿಷೇಧವಾಯಿತು. ಇದು ಬಹಳ ಮಾಮೂಲಾಗಿದ್ದ ಅಮೆರಿಕದಲ್ಲೂ 2019ರಲ್ಲಿ ನ್ಯೂಯಾರ್ಕ್ ರಾಜ್ಯ ಮೊದಲು ನಿಲ್ಲಿಸಿತು, 2022ರಲ್ಲಿ ಮೇರಿಲ್ಯಾಂಡ್ ನಿಲ್ಲಿಸಿತು, ಆಮೇಲೆ ಇನ್ನೂ ಕೆಲವು ರಾಜ್ಯಗಳು.

ಅತ್ತೆ ಮಾತ್ರ ಇಷ್ಟು ಚರ್ಚೆ ಯಾಕೆ ಅನ್ನುವ ಹಾಗೆ ಕೂತಿದ್ದರು. ಕೊನೆಗೆ ಇವರು, "ಅಮ್ಮ, ಕೈ ನಿನ್ನದು, ನೀನೇ ಹೇಳು" ಅಂದಾಗ, "ನನ್ನ ಕೈಗೋಸ್ಕರ ಅದರ ಬೆರಳು ಕಡಿಸಿದರೆ ಅದನ್ನ ಮಡಿಲಲ್ಲಿ ಹೇಗೋ ಕೂರಿಸಿಕೊಳ್ಳಲಿ? ನನಗೆ ಆಗಲ್ಲಪ್ಪ" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಆದರೆ ಬೇಡ ಅಂದುಬಿಟ್ಟರೆ ಆಗಲಿಲ್ಲವಲ್ಲ, ಅತ್ತೆಯ ಕೈ ಉಳಿಯಬೇಕು. ಪಶುವೈದ್ಯರು ಮೊದಲು ಹೇಳಿದ ಕೆಲಸ, ಗಾಯ ಯಾವಾಗ ಆಗುತ್ತದೆ ಅಂತ ಬರೆದಿಡುವುದು. ನನಗೆ ಅದು ಅಷ್ಟು ಉಪಯೋಗ ಅನ್ನಿಸಿರಲಿಲ್ಲ, ಆದರೂ ಬರೆಯುತ್ತಾ ಬಂದೆ. ಬರೆದದ್ದನ್ನು ಓದಿದಾಗ ಎಲ್ಲ ತಿಳಿಯಾಯಿತು. ಬೆಳ್ಳಿ ಒಂದು ಸಲವೂ ಸಿಟ್ಟಿನಿಂದ ಅತ್ತೆಯನ್ನು ಪರಚಿರಲಿಲ್ಲ. ಮಡಿಲಲ್ಲಿ ಮಲಗಿರುತ್ತದೆ, ಕಾಲಿಂಗ್ ಬೆಲ್ ಹೊಡೆಯುತ್ತದೆ, ಬೆಚ್ಚಿ ಹಾರುತ್ತದೆ, ಹಾರುವಾಗ ಹಿಂಗಾಲು ಅತ್ತೆಯ ಕೈಗೆ ಒತ್ತುತ್ತದೆ. ಹೆಚ್ಚಿನ ಗಾಯ ಹೀಗೇ ಆಗಿದ್ದು. ಹಿಂಗಾಲಿನ ಉಗುರು! ಡಿಕ್ಲಾದಲ್ಲಿ ಸಾಮಾನ್ಯವಾಗಿ ಮುಟ್ಟದೆ ಬಿಡುವ ಉಗುರು ಅದು. ಆಪರೇಷನ್ ಮಾಡಿಸಿದ್ದರೂ ಈ ಗಾಯಗಳು ನಿಲ್ಲುತ್ತಿರಲಿಲ್ಲ. ಮುಂಗಾಲಿನಿಂದ ಆದದ್ದು ಹೊದಿಕೆ ಕೆಳಗೆ ಬೆರಳು ಆಡಿಸಿ ಆಟವಾಡಿಸುವಾಗ ಮಾತ್ರ.

ಆ ಆಟ ನಿಂತಿತು. ಬದಲಿಗೆ ಉದ್ದ ಕೋಲಿಗೆ ಗರಿ ಕಟ್ಟಿದ ಆಟಿಕೆ ಬಂತು, ಕೈ ಮತ್ತು ಉಗುರಿನ ಮಧ್ಯೆ ಒಂದು ಮಾರು ದೂರ. ಬೆಲ್‌ನ ಸದ್ದು ಸಣ್ಣದು ಮಾಡಿಸಿದೆವು. ಅತ್ತೆ ಕೂತಾಗ ಮಡಿಲ ಮೇಲೆ ದಪ್ಪನೆ ರಜಾಯಿ ಮಡಚಿ ಹಾಕುತ್ತಾರೆ, ತುಂಬು ತೋಳಿನ ಸ್ವೆಟರ್ ಹಾಕಿಕೊಳ್ಳುತ್ತಾರೆ. ಬೆಳ್ಳಿ ಏಳಲು ಹೊರಟರೆ ಹಿಡಿಯುವುದಿಲ್ಲ, ಕೈ ಎತ್ತಿಬಿಡುತ್ತಾರೆ. ಹಿಡಿಯುವುದನ್ನು ಬಿಟ್ಟದ್ದೇ ದೊಡ್ಡ ಬದಲಾವಣೆ.

ಇನ್ನು ಉಗುರು ಕತ್ತರಿಸುವುದು. ಇದನ್ನು ಕಲಿಯಲು ತಾಳ್ಮೆ ಬೇಕು, ಆದರೆ ಕಷ್ಟದ ಕೆಲಸ ಅಲ್ಲ. ಬೆಳ್ಳಿ ಪಾದ ಮುಟ್ಟಲು ಬಿಡುತ್ತಿರಲಿಲ್ಲ. ಹಾಗಾಗಿ ಮೊದಲು ನಿದ್ದೆಗಣ್ಣಿನಲ್ಲಿದ್ದಾಗ ಪಾದ ಮುಟ್ಟಿ, ತಿನ್ನಲು ಏನಾದರೂ ಕೊಟ್ಟು ಬಿಟ್ಟುಬಿಡುತ್ತಿದ್ದೆ. ಅದು ರೂಢಿಯಾದ ಮೇಲೆ ಒತ್ತಿ ಉಗುರು ಹೊರಗೆ ಬರಿಸುವುದು. ಆಮೇಲೆ ಕಟ್ಟರ್‌ನ ಸದ್ದು ಕೇಳಿಸುವುದು. ಕೊನೆಗೆ ಒಂದು ಉಗುರು, ಅಷ್ಟೇ, ಮುಂದಿನದ್ದು ನಾಳೆ. ಉಗುರಿನ ಒಳಗೆ ಗುಲಾಬಿ ಬಣ್ಣದ ಭಾಗ ಕಾಣುತ್ತದಲ್ಲ, ಅಲ್ಲಿ ರಕ್ತನಾಳ, ನರ ಇದೆ. ಅದನ್ನು ಮುಟ್ಟಬಾರದು. ಕೊಕ್ಕೆಯ ಹಾಗೆ ಬಾಗಿದ ಚೂಪು ತುದಿ ಮಾತ್ರ ತೆಗೆದರೆ ಸಾಕು. ಪಕ್ಕದಲ್ಲಿ ರಕ್ತ ನಿಲ್ಲಿಸುವ ಪುಡಿ ಇಟ್ಟುಕೊಂಡಿರಬೇಕು, ಅದಿಲ್ಲದಿದ್ದರೆ ಕಾರ್ನ್‌ಫ್ಲೋರ್ ಆದರೂ ಸರಿ. ಮುಂಗಾಲಿನ ಒಳಬದಿಯಲ್ಲಿ ಹೆಬ್ಬೆರಳಿನಂತೆ ಮೇಲೆ ಇರುವ ಉಗುರನ್ನು ಮರೆಯಬೇಡಿ. ಅದು ನೆಲಕ್ಕೆ ತಾಗಿ ಸವೆಯುವುದಿಲ್ಲ, ಹಾಗೇ ಬಿಟ್ಟರೆ ಸುತ್ತಿಕೊಂಡು ಅಂಗಾಲಿಗೇ ಚುಚ್ಚಿಕೊಳ್ಳುತ್ತದೆ. ಈಗ ಎರಡು ಮೂರು ವಾರಕ್ಕೊಮ್ಮೆ ಹಿಂಗಾಲೂ ಸೇರಿಸಿ ಹದಿನೆಂಟೂ ಕತ್ತರಿಸುತ್ತೇನೆ.

ಅತ್ತೆಯ ಗಾಯ ವಾಸಿಯಾಗುವ ತನಕ ಬೆಕ್ಕಿನ ಉಗುರಿಗೆ ಹಾಕುವ ಮೆತ್ತನೆ ಪ್ಲಾಸ್ಟಿಕ್ ಕ್ಯಾಪ್ ಕೂಡ ಹಾಕಿಸಿದ್ದೆವು. ಕತ್ತರಿಸಿದ ಉಗುರಿನ ಮೇಲೆ ಅಂಟು ಹಾಕಿ ಕೂರಿಸುತ್ತಾರೆ. ಉಗುರಿನ ಹೊರ ಪದರ ಕಳಚುವಾಗ, ನಾಲ್ಕರಿಂದ ಆರು ವಾರದಲ್ಲಿ ತಾನಾಗೇ ಬೀಳುತ್ತದೆ. ಬೆಳ್ಳಿ ಕೆಲವನ್ನು ಕಚ್ಚಿ ಕಿತ್ತು ಹಾಕಿತು. ನನಗೆ ಅದು ಜೀವನಪೂರ್ತಿಗೆ ಆಗುವ ದಾರಿ ಅನ್ನಿಸಲಿಲ್ಲ, ಆದರೆ ಆ ಹೊತ್ತಿಗೆ ಮನಸ್ಸಿಗೆ ನೆಮ್ಮದಿ ಕೊಟ್ಟಿತು.

ಸೋಫಾ ವಿಷಯ ಸುಲಭವಾಗಿ ಬಗೆಹರಿಯಿತು. ಬೆಕ್ಕು ಕೆರೆಯುವುದು ಹಠಕ್ಕಲ್ಲ. ಹಳೆ ಪದರ ಕಳಚಲು ಕೆರೆಯುತ್ತದೆ, ಎದ್ದ ಕೂಡಲೇ ಬೆನ್ನು ಭುಜ ಚಾಚಲು ಕೆರೆಯುತ್ತದೆ, ಬೆರಳ ಸಂದಿಯ ಗ್ರಂಥಿಗಳಿಂದ ತನ್ನ ವಾಸನೆ ಬಿಟ್ಟು ಇದು ನನ್ನ ಜಾಗ ಅನ್ನಲು ಕೆರೆಯುತ್ತದೆ. ಉಗುರು ತೆಗೆಸಿದ ಬೆಕ್ಕೂ ಕೆರೆಯುವ ಹಾಗೆ ಕೈ ಆಡಿಸುತ್ತಲೇ ಇರುತ್ತದೆ. ಕಂಬ ಬೆಕ್ಕು ಮೈ ಪೂರ್ತಿ ಚಾಚುವಷ್ಟು ಎತ್ತರ ಇರಬೇಕು, ಅಲ್ಲಾಡಬಾರದು. ಸುಮಾರು 90 ಸೆಂಟಿಮೀಟರ್ ಎತ್ತರದ, ಭಾರದ ಬುಡ ಇರುವ, ಕತ್ತಾಳೆ ಹಗ್ಗ ಸುತ್ತಿದ ಕಂಬ ತಂದು, ಸೋಫಾದ ಹರಿದ ತೋಳಿನ ಪಕ್ಕಕ್ಕೇ ಇಟ್ಟೆವು. ಮನೆಯ ಮೂಲೆಯಲ್ಲಿ ಇಟ್ಟರೆ ಪ್ರಯೋಜನವಿಲ್ಲ, ಅದು ಈಗಾಗಲೇ ಕೆರೆಯುವ ಜಾಗದಲ್ಲೇ ಇರಬೇಕು. ಸೋಫಾದ ತೋಳಿಗೆ ಎರಡೂ ಕಡೆ ಅಂಟುವ ಟೇಪ್ ಹಚ್ಚಿದೆವು. ಪಾದಕ್ಕೆ ಅಂಟು ಅಂಟಾಗುವುದು ಬೆಕ್ಕಿಗೆ ಹಿಡಿಸುವುದಿಲ್ಲ. ಕಂಬ ಕೆರೆದಾಗಲೆಲ್ಲ ಅತ್ತೆ ಮುದ್ದು ಮಾಡಿ ತಿಂಡಿ ಕೊಟ್ಟರು. ಟೇಪ್ ಆಮೇಲೆ ತೆಗೆದೆವು, ಕಂಬ ಮಾತ್ರ ಅಲ್ಲಿಂದ ಕದಲಿಸಿಲ್ಲ.

ಈಗ ಅತ್ತೆಗೆ ಗೀರೇ ಆಗುವುದಿಲ್ಲ ಅಂತ ಹೇಳಲಾರೆ. ಅಪರೂಪಕ್ಕೆ ಒಂದು ಗೆರೆ ಬೀಳುತ್ತದೆ, ತೊಳೆದು ಒತ್ತಿ ಹಿಡಿದರೆ ನಿಲ್ಲುತ್ತದೆ. ಮೊದಲಿನ ಹಾಗೆ ಚರ್ಮ ಸುಲಿದು ಬಂದದ್ದು ಮತ್ತೆ ಆಗಿಲ್ಲ. ಉಳಿದಿರುವುದು ರಾತ್ರಿಯ ಪ್ರಶ್ನೆ. ಕತ್ತಲಲ್ಲಿ ಬೆಳ್ಳಿ ಮಂಚಕ್ಕೆ ಹಾರಿದರೆ ಅತ್ತೆಗೆ ಗೊತ್ತಾಗುವುದಿಲ್ಲ, ಹಾಗಾಗಿ ಮಲಗುವಾಗ ಅವರ ಕೋಣೆಯ ಬಾಗಿಲು ಹಾಕಿ ಅಂತ ಡಾಕ್ಟರ್ ಹೇಳಿದ್ದಾರೆ. ನಾನು ಹಾಕಿ ಬರುತ್ತೇನೆ, ಅತ್ತೆ ಎದ್ದು ತೆಗೆಯುತ್ತಾರೆ. ನಾದಿನಿ ಫೋನ್ ಮಾಡಿದಾಗಲೆಲ್ಲ ಇದೇ ವಿಚಾರಣೆ. ಮಂಚದ ಪಕ್ಕದಲ್ಲೇ ಬೆಳ್ಳಿಗೊಂದು ಹಾಸಿಗೆ ಹಾಕಿ ನೋಡೋಣ ಅಂತ ಸದ್ಯಕ್ಕೆ ಒಪ್ಪಂದ ಆಗಿದೆ.